ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ ನಿಮ್ಮ ಮೊಬೈಲ್ ನಂಬರ್ ಏನೇನು ಹೇಳುತ್ತದೆ ನೋಡಿ

ಬಿ.ಎಡ್. ವಿದ್ಯಾರ್ಥಿಗಳಿಗೆ ಸಿಗುವ ಮಾಮೂಲಿ ಸಲಹೆ: ಗೂಗಲ್‌ನಲ್ಲಿ ನಿಮ್ಮ ಹೆಸರು ಹುಡುಕಿ, ಬೇಡದ್ದನ್ನು ಅಳಿಸಿ. ಮಾಡಿ, ತಪ್ಪಿಲ್ಲ. ಆದರೆ ಮಂಜುನಾಥ ಎಂದು ಹುಡುಕಿದರೆ ಲೆಕ್ಕವಿಲ್ಲದಷ್ಟು ಮಂಜುನಾಥರು ಬರುತ್ತಾರೆ. ನೀವು ಪಾಠ ಮಾಡಲು ಹೋಗುವ ಶಾಲೆಯ ಮಕ್ಕಳ ಪೋಷಕರ ಕೈಗೆ ನೇರವಾಗಿ ಸಿಗುವುದು ನಿಮ್ಮ ನಂಬರ್. ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್ ಶುರುವಾಗಿ ತರಗತಿಯ ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿಸಿದರೆಂದರೆ, ಅಲ್ಲಿರುವ ಎಲ್ಲರಿಗೂ ಅದು ಕಾಣುತ್ತದೆ.

ಆ ನಂಬರ್ ಹಿಡಿದು ಹೊರಟವರಿಗೆ ಟ್ರೂಕಾಲರ್‌ನಲ್ಲಿ ಯಾರೋ ಗೆಳೆಯರು ತಮಾಷೆಗೆ ಇಟ್ಟ ಅಡ್ಡಹೆಸರು, ಟೆಲಿಗ್ರಾಮ್‌ನಲ್ಲಿ ಹಳೇ ಫೋಟೊ, ಇನ್‌ಸ್ಟಾಗ್ರಾಮ್‌ನ ಸಲಹೆಗಳಲ್ಲಿ ನಿಮ್ಮ ಖಾತೆ, ಎಲ್ಲ ಸಿಗಬಹುದು. ಪೋಷಕರಿಗಿಂತ ಎಂಟನೇ ತರಗತಿಯ ಮಕ್ಕಳು ಇದರಲ್ಲಿ ಚುರುಕು.

ಆದ್ದರಿಂದ ಮೊದಲ ಕೆಲಸ, ಶಾಲೆಗೆಂದೇ ಎರಡನೇ ಸಿಮ್. ಆಂಡ್ರಾಯ್ಡ್‌ನಲ್ಲಿ ಒಂದೇ ವಾಟ್ಸ್ಆ್ಯಪ್‌ನೊಳಗೆ ಎರಡು ಖಾತೆ ಇಟ್ಟುಕೊಳ್ಳಬಹುದು, ಬೇರೆ ಫೋನ್ ಬೇಡ. ಹೊಸ ನಂಬರನ್ನು ಬ್ಯಾಂಕಿಗೂ ಕೊಡಬೇಡಿ, ಇನ್‌ಸ್ಟಾಗ್ರಾಮ್‌ಗೂ ಕೊಡಬೇಡಿ.

ಎರಡನೇ ಸಿಮ್ ಆಗದಿದ್ದರೆ ಇರುವ ನಂಬರನ್ನೇ ಬಿಗಿ ಮಾಡಿ. ವಾಟ್ಸ್ಆ್ಯಪ್‌ನ ಪ್ರೈವಸಿಯಲ್ಲಿ ಪ್ರೊಫೈಲ್ ಫೋಟೊ, ಲಾಸ್ಟ್ ಸೀನ್ ಎರಡನ್ನೂ 'ಮೈ ಕಾಂಟ್ಯಾಕ್ಟ್ಸ್'ಗೆ ಹಾಕಿ. ಎಡವುವುದು ಇದರ ನಂತರವೇ. ಪೋಷಕರ ನಂಬರನ್ನು 'ಸೆವೆಂತ್ ಬಿ, ರಮ್ಯಾ ತಂದೆ' ಎಂದು ಸೇವ್ ಮಾಡಿಕೊಂಡ ಕ್ಷಣ ಅವರೂ ನಿಮ್ಮ ಕಾಂಟ್ಯಾಕ್ಟ್. ಅವರೂ ನಿಮ್ಮದನ್ನು ಸೇವ್ ಮಾಡಿಕೊಂಡಿದ್ದರೆ ಮದುವೆಮನೆಯ ಡ್ಯಾನ್ಸ್ ಸ್ಟೇಟಸ್ ಅವರಿಗೂ ಹೋಗುತ್ತದೆ. ಸ್ಟೇಟಸ್ ಮಟ್ಟಿಗೆ 'ಓನ್ಲಿ ಶೇರ್ ವಿತ್' ಆರಿಸಿ ಮನೆಯವರನ್ನೂ ಗೆಳೆಯರನ್ನೂ ಮಾತ್ರ ಸೇರಿಸುವುದು ಲೇಸು.

ಟೆಲಿಗ್ರಾಮ್‌ನಲ್ಲಿ ಫೋನ್ ನಂಬರ್ ಯಾರಿಗೆ ಕಾಣಬೇಕು ಎಂಬಲ್ಲಿ 'ನೋಬಡಿ' ಒತ್ತಿ. ಆಗ ಅದರ ಕೆಳಗೇ, ನಂಬರಿನಿಂದ ನಿಮ್ಮನ್ನು ಯಾರು ಹುಡುಕಬಹುದು ಎಂಬ ಇನ್ನೊಂದು ಸೆಟ್ಟಿಂಗ್ ತೆರೆದುಕೊಳ್ಳುತ್ತದೆ. ಅದನ್ನೂ 'ಮೈ ಕಾಂಟ್ಯಾಕ್ಟ್ಸ್' ಮಾಡದಿದ್ದರೆ ಮೊದಲನೆಯದು ಮಾಡಿ ಪ್ರಯೋಜನವಿಲ್ಲ. ಇನ್‌ಸ್ಟಾಗ್ರಾಮ್‌ನಿಂದ ನಂಬರ್ ತೆಗೆದು ಇಮೇಲ್ ಇಡಿ. ಲಾಗಿನ್ ಕೋಡ್ ಎಸ್ಎಂಎಸ್‌ನಲ್ಲಿ ಬರುತ್ತಿದ್ದರೆ ಮೊದಲು ಕೋಡನ್ನು ಫೋನಿನಲ್ಲೇ ತೋರಿಸುವ ಆಥೆಂಟಿಕೇಟರ್ ಆ್ಯಪ್‌ಗೆ ಬದಲಾಯಿಸಿಕೊಳ್ಳಿ, ಇಲ್ಲವಾದರೆ ನಿಮ್ಮ ಖಾತೆಗೆ ನೀವೇ ಹೊರಗಿನವರಾಗುತ್ತೀರಿ. ಟ್ರೂಕಾಲರ್‌ನಲ್ಲಿ ಅದೇ ನಂಬರಿನಿಂದ ಲಾಗಿನ್ ಆಗಿ ಹೆಸರು ತಿದ್ದಬಹುದು. ಹೆಸರೇ ಕಾಣಬಾರದು ಎಂದಿದ್ದರೆ ಖಾತೆಯನ್ನು ಡಿಆ್ಯಕ್ಟಿವೇಟ್ ಮಾಡಿ, ಆಮೇಲೆ ಅವರ ಅನ್‌ಲಿಸ್ಟ್ ಪುಟದಲ್ಲಿ +91 ಸಮೇತ ನಂಬರ್ ಕೊಡಿ.

ಫೇಸ್‌ಬುಕ್‌ನಲ್ಲಿ ಪ್ರೊಫೈಲ್ ಲಾಕ್ ಮಾಡಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಲಾಕ್ ಆಗುವುದು ನಿಮ್ಮ ಗೋಡೆ ಮಾತ್ರ. ಸುದ್ದಿವಾಹಿನಿಗಳ ಪೇಜಿನ ಕೆಳಗೆ ಜಾತಿ, ಪಕ್ಷ, ಸಿನಿಮಾ ನಟರ ಹೆಸರಲ್ಲಿ ಜಗಳವಾಡಿದ ಕಾಮೆಂಟುಗಳು ಹಾಗೇ ತೆರೆದಿರುತ್ತವೆ. ಆ್ಯಕ್ಟಿವಿಟಿ ಲಾಗ್‌ನಲ್ಲಿ ಕಾಮೆಂಟ್ಸ್ ವಿಭಾಗ ತೆರೆದು ವರ್ಷವಾರು ಅಳಿಸಬೇಕು. ಬೇಸರದ ಕೆಲಸ, ಆದರೆ ಇಂಥ ಒಂದು ಸ್ಕ್ರೀನ್‌ಶಾಟ್ ಸಾಕು ಆಡಳಿತ ಮಂಡಳಿಯ ಮುಂದೆ ನಿಲ್ಲಿಸಲು. ಸರ್ಕಾರಿ ನೌಕರಿ ಸೇರಿದ ಮೇಲಂತೂ ಕರ್ನಾಟಕ ರಾಜ್ಯ ಸರ್ಕಾರಿ ನೌಕರರ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ. ಸರ್ಕಾರದ ನೀತಿಯನ್ನು ಸಾರ್ವಜನಿಕವಾಗಿ ಟೀಕಿಸಲು ಅಲ್ಲಿ ನಿರ್ಬಂಧವಿದೆ. ಯೂಟ್ಯೂಬ್ ಕಾಮೆಂಟುಗಳು ಗೂಗಲ್‌ನ ಮೈ ಆ್ಯಕ್ಟಿವಿಟಿಯಲ್ಲಿ ಸಿಗುತ್ತವೆ.

ಯಾರೂ ನೆನಪಿಟ್ಟುಕೊಳ್ಳದ ಇನ್ನೊಂದು ಮೂಲೆ ಪಿಡಿಎಫ್‌ಗಳದು. ಮುಖಪುಟದಲ್ಲಿ ರಿಜಿಸ್ಟರ್ ನಂಬರ್, ಮೊಬೈಲ್ ಎಲ್ಲ ಇರುವ ಪಾಠಯೋಜನೆಯನ್ನು ಜೂನಿಯರ್‌ಗಳಿಗೆ ಕಳಿಸಿರುತ್ತೀರಿ. ಅವರು ಯಾವುದೋ ಸೈಟಿಗೆ ಹಾಕಿರುತ್ತಾರೆ. ನಿಮ್ಮ ನಂಬರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ, ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಇನಿಶಿಯಲ್ ಹಿಂದೆ ಮುಂದೆ ಮಾಡಿಯೂ ಹುಡುಕಿ. ಸಿಕ್ಕರೆ ಹಾಕಿದವರಿಂದಲೇ ತೆಗೆಸಿ. ಫೈಲ್ ಹೋದ ಮೇಲೂ ಗೂಗಲ್‌ನಲ್ಲಿ ಅದರ ತುಣುಕು ಉಳಿದಿರುತ್ತದೆ, ಅದಕ್ಕೆ 'ರಿಮೂವ್ ಔಟ್‌ಡೇಟೆಡ್ ಕಂಟೆಂಟ್' ಪುಟದಲ್ಲಿ ಲಿಂಕ್ ಕೊಡಬೇಕು. ಮೂಲ ಫೈಲ್ ಇನ್ನೂ ಇರುವಾಗಲೇ ಕೊಟ್ಟರೆ ಅರ್ಜಿ ತಿರಸ್ಕೃತವಾಗುತ್ತದೆ.

ಇನ್ನು ತರಗತಿಯ ರೀಲ್ಸ್. ಮಕ್ಕಳ ಮುಖ, ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರು, ಮೇಜಿನ ಮೇಲೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಇರುವ ಅಂಕಪಟ್ಟಿ: ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಮೂರೂ ಬಂದಿರುತ್ತವೆ. ಪೋಷಕರ ಲಿಖಿತ ಒಪ್ಪಿಗೆ, ಮುಖ್ಯ ಶಿಕ್ಷಕರ ಅನುಮತಿ ಎರಡೂ ಇಲ್ಲದೆ ಹಾಕಬೇಡಿ. ನಿಮ್ಮ ಬೋಧನೆ ತೋರಿಸಬೇಕಿದ್ದರೆ ಖಾಲಿ ತರಗತಿಯ ಕಪ್ಪುಹಲಗೆಯ ಚಿತ್ರ, ನೀವು ಮಾಡಿದ ಬೋಧನೋಪಕರಣದ ಫೋಟೊ ಸಾಕು.

ಇಂಟರ್ನ್‌ಶಿಪ್ ಮುಗಿದ ಮೇಲೆ ಶಾಲೆಯ ಸಿಮ್ ಬೇಡವೆನಿಸಿದರೆ ಸುಮ್ಮನೆ ರಿಚಾರ್ಜ್ ಬಿಡಬೇಡಿ. ಬಂದ್ ಆದ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ಗ್ರೂಪುಗಳಿಂದ ಹೊರಬಂದು, ಆ ನಂಬರಿನ ವಾಟ್ಸ್ಆ್ಯಪ್ ಖಾತೆ ಡಿಲೀಟ್ ಮಾಡಿ, ಆಮೇಲೆ ಸಿಮ್ ತೆಗೆಯಿರಿ.