ನಮ್ಮ ಓಣಿಯ ಕಿಲ್ಲಾ, ಆಮೇಲೆ ರಾಯಗಡ

ದೀಪಾವಳಿ ಬಂತು ಅಂದ್ರೆ ನನ್ನ ಕೈ ಈಗಲೂ ಕೆಂಪು ಮಣ್ಣು ಹುಡುಕುತ್ತದೆ. ಬೆಳಗಾವಿಯಲ್ಲಿ ಬೆಳೆದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಮಹಾರಾಷ್ಟ್ರದ ಹಾಗೆ ನಮ್ಮ ಕಡೆಯೂ ಹಬ್ಬಕ್ಕೆ ಮಕ್ಕಳು ಮನೆ ಮುಂದೆ ಮಣ್ಣಿನ ಕಿಲ್ಲಾ, ಅಂದ್ರೆ ಪುಟ್ಟ ಕೋಟೆ, ಕಟ್ಟುತ್ತಾರೆ. ಮನೆಯಲ್ಲಿ ಕನ್ನಡವೋ ಮರಾಠಿಯೋ, ಕಿಲ್ಲಾ ಹತ್ತಿರ ಯಾರೂ ಕೇಳುತ್ತಿರಲಿಲ್ಲ.

ಮೊದಲು ಕಲ್ಲು, ಒಡೆದ ಇಟ್ಟಿಗೆ ಗುಡ್ಡೆ ಹಾಕಬೇಕು. ಅದರ ಮೇಲೆ ನೆನೆಸಿದ ಗೋಣಿಚೀಲ. ಅದರ ಮೇಲೆ ಚೆನ್ನಾಗಿ ತುಳಿದ ಮಣ್ಣು, ಅದೂ ಹದವಾಗಿರಬೇಕು, ನೀರು ಜಾಸ್ತಿಯಾದರೆ ರಾತ್ರಿಯೊಳಗೆ ಬುರುಜು ಜಾರಿ ಕೆಳಗೆ ಬಂದಿರುತ್ತದೆ. ಚಮಚದಿಂದ ಮೆಟ್ಟಿಲು ಕೊರೆಯುತ್ತಿದ್ದೆವು. ತೆಂಗಿನ ಚಿಪ್ಪು ಹುಗಿದರೆ ಕೆರೆ. ಕೊನೆಗೆ ಸಾಸಿವೆ ಉದುರಿಸಿ ನೀರು ಚಿಮುಕಿಸಿದರೆ ಕೆಲವೇ ದಿನಕ್ಕೆ ಗುಡ್ಡವೆಲ್ಲ ಹಸಿರು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ, ಮೆಟ್ಟಿಲ ಮೇಲೆ ಅವನ ಮಾವಳೆ ಸೈನಿಕರ ಮಣ್ಣಿನ ಗೊಂಬೆಗಳು.

ಇದು ರಾಯಗಡ, ಮಹಾರಾಷ್ಟ್ರದಲ್ಲಿರುವ ಶಿವಾಜಿಯ ರಾಜಧಾನಿ ಕೋಟೆ, ಅಂತ ಜಂಬದಿಂದ ಹೇಳುತ್ತಿದ್ದೆವು. ನಮ್ಮಲ್ಲಿ ಒಬ್ಬನೂ ರಾಯಗಡ ನೋಡಿರಲಿಲ್ಲ. ಪಾಠದಲ್ಲಿ ಕೇಳಿದ್ದು, ಕ್ಯಾಲೆಂಡರಿನಲ್ಲಿ ಕಂಡದ್ದು, ಉಳಿದದ್ದೆಲ್ಲ ಗಾಳಿಗೋಪುರ. ಆದರೂ ಬಾಗಿಲು ಎಲ್ಲಿರಬೇಕು, ನೀರು ಎಲ್ಲಿ ನಿಲ್ಲಬೇಕು ಅಂತ ಗಂಟೆಗಟ್ಟಲೆ ಜಗಳ ಆಡುತ್ತಿದ್ದೆವಲ್ಲ, ಆ ಜಗಳ ನನಗೆ ತುಂಬ ದೊಡ್ಡದು. ಈಗ ಅಂಗಡಿಯಲ್ಲಿ ರೆಡಿಮೇಡ್ ಕಿಲ್ಲಾ ಸಿಗುತ್ತದೆ. ತಂದು ಇಟ್ಟರೆ ಮುಗಿಯಿತು. ದಯವಿಟ್ಟು ಮಕ್ಕಳಿಗೆ ಅದನ್ನು ಕೊಡಿಸಬೇಡಿ.

ದೊಡ್ಡವನಾದ ಮೇಲೆ ಒಮ್ಮೆ ರಾಯಗಡಕ್ಕೆ ಹೋದೆ. ನಮ್ಮ ಕಿಲ್ಲಾದಲ್ಲಿ ಬಾಗಿಲು ಯಾವಾಗಲೂ ರಸ್ತೆಗೆ ನೇರ, ಹೋಗಿಬರುವವರಿಗೆಲ್ಲ ಕಾಣಬೇಕು ಅಂತ. ಅಲ್ಲಿ ನೋಡಿದರೆ ಮಹಾದರ್ವಾಜಾ, ಅಂದ್ರೆ ಕೋಟೆಯ ಹೆಬ್ಬಾಗಿಲು, ಕಾಣುವುದೇ ಇಲ್ಲ! ಎರಡು ದೊಡ್ಡ ಬುರುಜುಗಳ ನಡುವೆ ಗೋಡೆ ತಿರುಗುತ್ತದೆ, ನಾವೂ ತಿರುಗಬೇಕು, ಬಾಗಿಲು ಆಮೇಲೆ ಎದುರಾಗುತ್ತದೆ. ಶತ್ರು ತೋಪನ್ನೋ ಆನೆಯನ್ನೋ ನೇರ ತಂದು ಬಾಗಿಲಿಗೆ ಗುದ್ದಿಸಲು ಆಗಬಾರದು, ಅದಕ್ಕೆ ಹೀಗೆ. ನನಗೆ ಅಲ್ಲೇ ಓಣಿಯ ಹುಡುಗರನ್ನೆಲ್ಲ ಕರೆದು ತೋರಿಸಬೇಕು ಅನಿಸಿತು.

ಶಿವಾಜಿಗಾಗಿ ಈ ಕೋಟೆ ಕಟ್ಟಿದ್ದು ಹಿರೋಜಿ ಇಂದುಲ್ಕರ್. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆದದ್ದು ಇಲ್ಲೇ. ಜಗದೀಶ್ವರ ಗುಡಿಯ ಒಂದು ಮೆಟ್ಟಿಲ ಮೇಲೆ ಹಿರೋಜಿಯ ಹೆಸರು ಕೆತ್ತಿದೆ, ಸೇವೆಯಲ್ಲಿ ತತ್ಪರ ಅಂತ. ಇಷ್ಟು ದೊಡ್ಡ ಗುಡ್ಡವನ್ನೇ ರಾಜಧಾನಿ ಮಾಡಿದವನ ಹೆಸರು ಕಾಲಿಡುವ ಕಲ್ಲಿನ ಮೇಲೆ. ನಾನು ಅದನ್ನು ದಾಟಿ ಹೋಗಲಾರದೆ ಸುಮ್ನೆ ಪಕ್ಕದಲ್ಲಿ ಕೂತುಬಿಟ್ಟೆ.

ಅರಮನೆ ಮಾತ್ರ ಇಲ್ಲ. 1818ರಲ್ಲಿ ಇಂಗ್ಲಿಷರ ತೋಪಿಗೆ ಮರದ ಕಟ್ಟಡವೆಲ್ಲ ಸುಟ್ಟುಹೋಯಿತು. ಈಗ ಉಳಿದಿರುವುದು ಕಲ್ಲಿನ ಜಗಲಿ, ಅರ್ಧಂಬರ್ಧ ಗೋಡೆ. ಜಗಲಿ ಮೇಲೆ ನಿಂತು ಕಂಬ, ಸೂರು, ದೀಪ ಎಲ್ಲ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಅಷ್ಟು ದೂರ ಹೋಗಿಯೂ ಕೊನೆಗೆ ನಾನು ಮಾಡಿದ್ದು ಚಿಕ್ಕಂದಿನ ಕೆಲಸವನ್ನೇ.

2025ರಲ್ಲಿ ಮರಾಠರ 12 ಕೋಟೆಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಆ ದೀಪಾವಳಿಗೆ ಯಾವುದನ್ನು ಕಟ್ಟುವುದು ಅಂತ ಅಣ್ಣನ ಮಗ ಮತ್ತು ಅವನ ಗೆಳೆಯರಿಗೆ ಜಗಳ. ಕಡೆಗೆ ರಾಯಗಡವೇ ಗೆದ್ದಿತು. ಬಾಗಿಲನ್ನು ಬುರುಜಿನ ಹಿಂದೆ ಇಡಿಸಿದೆ. ಪಕ್ಕದ ಮನೆಯ ಪುಟ್ಟಿ ಬಗ್ಗಿ ಬಗ್ಗಿ ನೋಡಿ, “ಕಾಕಾ, ಬಾಗಲಾ ಕಾಣವಲ್ದು” ಅಂದಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅರಮನೆ ಜಾಗದಲ್ಲಿ ಬರೀ ಜಗಲಿ ಮಾಡೋಣ, ಈಗ ಅಲ್ಲಿ ಹಾಗೇ ಇದೆ ಅಂದೆ. ಅಣ್ಣನ ಮಗ ಒಪ್ಪಲಿಲ್ಲ. ಬೆಂಕಿಪೊಟ್ಟಣ ತಂದು ಮೂರು ಅಂತಸ್ತು ಏರಿಸಿದ.

“ಹಿಂಗ ಇತ್ತೇನು ಕಾಕಾ?”

“ಇದ್ದರೂ ಇರಬಹುದು” ಅಂದೆ. ಅವನು ಇನ್ನೊಂದು ಪೊಟ್ಟಣ ಇಟ್ಟ.