ಕೆಳಗೆ ಸೋನೆ, ಮೇಲೆ ಹಿಮ: ವ್ಯಾಂಕೂವರಿನ ಚಳಿಗಾಲ

ನವೆಂಬರ್ ಎರಡನೇ ವಾರ ಬಂತೆಂದರೆ ಕೆನಡಾದ ವ್ಯಾಂಕೂವರಿಗೆ ಹೊಸದಾಗಿ ಬಂದ ಕನ್ನಡಿಗರ ಬಾಯಲ್ಲಿ ಒಂದೇ ಪ್ರಶ್ನೆ: ಈ ಮಳೆ ನಿಲ್ಲುವುದು ಯಾವಾಗ? ಮಾರ್ಚ್ ಮುಗಿಯುವವರೆಗೆ ಪೂರ್ತಿ ನಿಲ್ಲುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಅರ್ಧ ಚಳಿಗಾಲ ಗೆದ್ದಂತೆ. ಉಳಿದರ್ಧಕ್ಕೆ ಬೇಕಾದದ್ದು ಒಂದು ಸಂಖ್ಯೆ. ಅದರ ಹೆಸರು ಫ್ರೀಜಿಂಗ್ ಲೆವೆಲ್.

ಮೊದಲು ಮಳೆಯ ಸ್ವಭಾವ ತಿಳಿದಿರಲಿ. ಇಲ್ಲಿನ ವಿಮಾನ ನಿಲ್ದಾಣದಲ್ಲಿ ಅಳೆದ ವಾರ್ಷಿಕ ಸರಾಸರಿ ಸುಮಾರು 1,200 ಮಿಲಿಮೀಟರ್. ಮಂಗಳೂರಿನ ಮಳೆಯ ಮೂರನೇ ಒಂದು ಭಾಗದಷ್ಟು. ಆದರೆ ಅಲ್ಲಿ ಧೋ ಎಂದು ಸುರಿದು ಹೊಳವಾಗುತ್ತದೆ, ಇಲ್ಲಿ ಜಿಟಿಜಿಟಿ ಎಂದು ದಿನವಿಡೀ ಹನಿಯುತ್ತದೆ. ನಗರದ ಎಲ್ಲ ಕಡೆ ಒಂದೇ ಸಮ ಬೀಳುವುದೂ ಇಲ್ಲ. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಉತ್ತರದ ಬೆಟ್ಟಗಳಿಗೆ ಬಡಿದು ಮೇಲೇರಿ ತಣಿಯುತ್ತದೆ, ನಮ್ಮ ಘಟ್ಟದ ಲೆಕ್ಕವೇ. ಹಾಗಾಗಿ ನಾರ್ತ್ ವ್ಯಾಂಕೂವರಿನ ಬೆಟ್ಟದ ಬುಡದಲ್ಲಿ ವಿಮಾನ ನಿಲ್ದಾಣದ ಸರಿಸುಮಾರು ಎರಡರಷ್ಟು ಮಳೆ. ದಕ್ಷಿಣಕ್ಕೆ, ಡೆಲ್ಟಾ ಮತ್ತು ಬೌಂಡರಿ ಬೇ ಕಡೆಗೆ ಹೋದಷ್ಟೂ ಕಡಿಮೆ. ಕಿಟಕಿಯಾಚೆ ಮಳೆ ಕಂಡು ವಾಕಿಂಗ್ ಕೈಬಿಡುವ ಮೊದಲು ರೇಡಾರ್ ಚಿತ್ರ ನೋಡಿ. ನಾರ್ತ್ ವ್ಯಾಂಕೂವರಿನ ಲಿನ್ ವ್ಯಾಲಿಯಲ್ಲಿ ಸುರಿಯುತ್ತಿರುವ ಹೊತ್ತಿಗೆ ಬೌಂಡರಿ ಬೇ ದಂಡೆಯ ಮೇಲೆ ಬರೀ ಮೋಡ ಇರುವುದು ಎಷ್ಟೋ ಸಲ.

ಇನ್ನು ಆ ಸಂಖ್ಯೆ. ಉಷ್ಣಾಂಶ ಶೂನ್ಯಕ್ಕಿಳಿಯುವ ಎತ್ತರವೇ ಫ್ರೀಜಿಂಗ್ ಲೆವೆಲ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಬಂದರಿನಲ್ಲಿ 6 ಡಿಗ್ರಿ ಇದ್ದರೆ ಶೂನ್ಯ ಸಿಗುವುದು ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿ. ಬೀಳುವ ಹಿಮ ತಕ್ಷಣ ಕರಗುವುದಿಲ್ಲವಾದ್ದರಿಂದ ಆ ರೇಖೆಗಿಂತ ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೂ ಹಿಮವಾಗಿಯೇ ಇರುತ್ತದೆ. ನಗರದ ಉತ್ತರಕ್ಕಿರುವ ಗ್ರೌಸ್, ಸೀಮೋರ್, ಸೈಪ್ರೆಸ್ ಮೂರೂ ಬೆಟ್ಟಗಳಲ್ಲಿ ಹಿಮದ ನಡಿಗೆ, ಆಟ ಶುರುವಾಗುವ ಜಾಗ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 1,000 ಮೀಟರ್. ಅಂದರೆ ಫ್ರೀಜಿಂಗ್ ಲೆವೆಲ್ 1,000 ಅಥವಾ ಅದಕ್ಕಿಂತ ಕಡಿಮೆ ಇದ್ದು ಕೆಳಗೆ ಮಳೆ ಬರುತ್ತಿದ್ದರೆ ಮೇಲೆ ಹೊಸ ಹಿಮ ಬೀಳುತ್ತಿದೆ ಎಂದೇ ಅರ್ಥ. 1,500 ದಾಟಿದರೆ ಮೇಲೂ ಮಳೆಯೇ. ಆ ದಿನ ಬೆಟ್ಟ ಹತ್ತುವುದು ವ್ಯರ್ಥ, ಕಾಡಿಗೋ ಕಡಲಿಗೋ ಹೋಗುವುದು ಮೇಲು. 500ರ ಕೆಳಗೆ ಇಳಿದರೆ ನಗರದೊಳಗೇ ಒದ್ದೆ ಹಿಮ ಬೀಳಬಹುದು. ಆಗ ಬರ್ನಬಿ ಬೆಟ್ಟದಂಥ ಏರುರಸ್ತೆಗಳಲ್ಲಿ ಬಸ್ಸುಗಳೂ ಸಿಕ್ಕಿಬೀಳುತ್ತವೆ.

ಇಲ್ಲಿನ ಚಳಿಗಾಲ ಈ ರೇಖೆಯ ಅಂಚಿನಲ್ಲೇ ಓಲಾಡುತ್ತದೆ. 2010ರ ಒಲಿಂಪಿಕ್ಸ್‌ನಲ್ಲಿ ಫ್ರೀಸ್ಟೈಲ್ ಸ್ಕೀಯಿಂಗ್ ಮತ್ತು ಸ್ನೋಬೋರ್ಡ್ ಸ್ಪರ್ಧೆಗಳು ಸೈಪ್ರೆಸ್‌ನಲ್ಲಿ ನಡೆದವು. ಆ ಜನವರಿ ಎಷ್ಟು ಬೆಚ್ಚಗಿತ್ತೆಂದರೆ ಲಾರಿಗಳಲ್ಲಿ, ಹೆಲಿಕಾಪ್ಟರ್‌ಗಳಲ್ಲಿ ಹಿಮ ಹೊತ್ತು ತಂದು ಹಾಸಬೇಕಾಯಿತು.

ಮೊದಲ ಸಲ ಹಿಮದಲ್ಲಿ ನಡೆಯುವವರಿಗೆ ಸೀಮೋರ್ ಬೆಟ್ಟದ ಡಾಗ್ ಮೌಂಟನ್ ದಾರಿಗಿಂತ ಒಳ್ಳೆಯದು ಕಾಣೆ. ಹೋಗಿ ಬರಲು ಸುಮಾರು 5 ಕಿಲೋಮೀಟರ್, ಎರಡು ಗಂಟೆ, ಏರು ತೀರಾ ಕಡಿಮೆ. ಮೊದಲ ಕಿಲೋಮೀಟರಿನ ಆಸುಪಾಸಿನಲ್ಲಿ ಫಸ್ಟ್ ಲೇಕ್, ಕೊನೆಯಲ್ಲಿ ಇಡೀ ನಗರ ಕಾಲಡಿ. ತುದಿಯ ಬಂಡೆಯ ಆಚೆ ಕಡಿದಾದ ಪ್ರಪಾತವಿದೆ, ಅಂಚಿನಲ್ಲಿ ಚಾಚಿಕೊಂಡ ಹಿಮದ ಕೆಳಗೆ ಬಂಡೆ ಇದೆಯೋ ಬರೀ ಗಾಳಿಯೋ ಹೇಳಲಾಗದು. ಫೋಟೋಕ್ಕಾಗಿ ಮುಂದೆ ಹೋಗಬೇಡಿ. ಸೀಮೋರ್‌ಗೆ ಸಿಟಿ ಬಸ್ ಇಲ್ಲ. ಕೆಲವು ಚಳಿಗಾಲಗಳಲ್ಲಿ ವಾಹನಕ್ಕೆ ಉಚಿತ ಡೇ ಪಾಸ್ ಕಡ್ಡಾಯ ಮಾಡಿದ್ದರು, ಹೊರಡುವ ಮುನ್ನ ಬಿ.ಸಿ. ಪಾರ್ಕ್ಸ್ ಪುಟ ನೋಡಿ. ಕಾರಿಲ್ಲದವರಿಗೆ ಗ್ರೌಸ್ ಸುಲಭ: ವಾಟರ್‌ಫ್ರಂಟಿನಿಂದ ಸೀಬಸ್ ಎಂಬ ದೋಣಿ, ಲಾನ್ಸ್‌ಡೇಲ್ ಕೀಯಿಂದ 236ನೇ ನಂಬರ್ ಬಸ್, ಅಲ್ಲಿಂದ ಮೇಲಕ್ಕೆ ಕೇಬಲ್ ಕಾರು. ಟಿಕೆಟ್ ಮಾತ್ರ ದುಬಾರಿ.

ಕಾಲಿಗೆ ಏನು ಕಟ್ಟಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಹೊಸ ಹಿಮ ಮೊಣಕಾಲುದ್ದ ಇದ್ದರೆ ಬೂಟಿನಡಿ ಕಟ್ಟುವ ಅಗಲ ಹಲಗೆ, ಅಂದರೆ ಸ್ನೋಶೂ ಬೇಕು, ಇಲ್ಲದಿದ್ದರೆ ಹೆಜ್ಜೆಗೊಮ್ಮೆ ಹೂತುಹೋಗುತ್ತೀರಿ. ಬ್ಯಾಗಿನ ತೂಕವೂ ಸೇರಿ 80 ಕಿಲೋ ಒಳಗಿನವರಿಗೆ 22 ಇಂಚಿನದು ಸಾಕು, ಅದಕ್ಕೂ ಮೇಲಾದರೆ 25 ಇಂಚು. ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ಲೆಕ್ಕ. ಇಲ್ಲಿನ ದಾರಿಗಳು ಜನ ತುಳಿದು ಗಟ್ಟಿಯಾಗಿರುತ್ತವೆ, ಉದ್ದದ ಸ್ನೋಶೂ ಒಂದರ ಮೇಲೊಂದು ಏರಿ ಬೀಳಿಸುತ್ತದೆ. ಕಟ್ಟುವಾಗ ಪಾದದ ಮುಂಭಾಗದ ಉಬ್ಬು ಸರಿಯಾಗಿ ತಿರುಗುವ ಕೀಲಿನ ಮೇಲೆ ಬರಬೇಕು. ತೀರಾ ಮುಂದೆ ಸರಿದರೆ ಬೂಟಿನ ತುದಿ ಹಲಗೆಗೆ ಬಡಿಯುತ್ತದೆ, ಏರಿನಲ್ಲಿ ಕೆಳಗಿನ ಉಕ್ಕಿನ ಹಲ್ಲು ಕಚ್ಚುವುದಿಲ್ಲ. ಮೊದಲು ಮುಂದಿನ ಪಟ್ಟಿ, ಆಮೇಲೆ ಹಿಮ್ಮಡಿಯದು. ಹತ್ತು ನಿಮಿಷ ನಡೆದ ಮೇಲೆ ನಿಂತು ಮತ್ತೊಮ್ಮೆ ಬಿಗಿಮಾಡಿ, ಬಕಲ್‌ಗೆ ಮೆತ್ತಿದ ಹಿಮ ಕರಗಿ ಪಟ್ಟಿ ಸಡಿಲಾಗಿರುತ್ತದೆ.

ಸ್ನೋಶೂ ಕೈಕೊಡುವ ದಿನಗಳೂ ಇವೆ. ಹವಾಯಿ ಕಡೆಯಿಂದ ಬೆಚ್ಚನೆಯ ತೇವ ಹೊತ್ತು ತರುವ ಗಾಳಿಗೆ ಇಲ್ಲಿ ಪೈನಾಪಲ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಅದು ಬಂದಾಗ ಫ್ರೀಜಿಂಗ್ ಲೆವೆಲ್ 2,000 ಮೀಟರ್ ದಾಟುತ್ತದೆ, ಬೆಟ್ಟದ ಹಿಮವೆಲ್ಲ ಸ್ಪಂಜಿನಂತೆ ನೀರು ಕುಡಿಯುತ್ತದೆ. ಎರಡು ದಿನಕ್ಕೆ ಆಕಾಶ ತಿಳಿಯಾಗಿ ರಾತ್ರಿ ಚಳಿ ಬಿದ್ದರೆ ಆ ನೀರೆಲ್ಲ ಹೆಪ್ಪುಗಟ್ಟಿ ದಾರಿ ಗಾಜಿನಂತಾಗುತ್ತದೆ. ಬಿಸಿಲು ಕಂಡು ಜನ ಮುಗಿಬೀಳುವುದೂ ಅದೇ ದಿನ. ಆಗ ಸಮತಟ್ಟಾದ ದಾರಿಗೆ ಬೂಟಿನ ಮೇಲೆ ಎಳೆದು ಹಾಕುವ, ಸಣ್ಣ ಮೊಳೆಗಳ ಮೈಕ್ರೋಸ್ಪೈಕ್ಸ್ ಸರಿ. ಕಡಿದಾದ ಇಳಿಜಾರಿಗೆ ಅದೂ ಸಾಲದು, ಕ್ರ್ಯಾಂಪಾನ್ (ಉದ್ದ ಹಲ್ಲಿನ ಬೂಟುಪಟ್ಟಿ) ಮತ್ತು ಐಸ್ ಆಕ್ಸ್ (ಹಿಮಗೊಡಲಿ) ಬಳಸಲು ಕಲಿತವರು ಮಾತ್ರ ಹೋಗಬೇಕು. ಹಿಂದಿನ ಮೂರು ದಿನದ ಫ್ರೀಜಿಂಗ್ ಲೆವೆಲ್ ನೋಡಿ ಚೀಲ ತುಂಬುವುದು ಅದಕ್ಕೇ.

ಡಾಗ್ ಮೌಂಟನ್ ದಾರಿ ಬಿಟ್ಟು ಮೇಲಿನ ಶಿಖರಗಳ ಕಡೆ ಹೊರಟರೆ ಹಿಮಕುಸಿತದ ಲೆಕ್ಕ ಬರುತ್ತದೆ. ಅವಲಾಂಚ್ ಕೆನಡಾ ಎಂಬ ಸಂಸ್ಥೆ ಚಳಿಗಾಲದಲ್ಲಿ ಪ್ರತಿದಿನ ಮುನ್ಸೂಚನೆ ಕೊಡುತ್ತದೆ, ಅಪಾಯವನ್ನು ಐದು ಮಟ್ಟಗಳಲ್ಲಿ ಹೇಳುತ್ತದೆ. ಮೂರನೆಯ ಮಟ್ಟ, ಅಂದರೆ ‘ಕನ್ಸಿಡರಬಲ್’, ನಡುವಿನದು ಎಂದು ಹಗುರ ಮಾಡಬೇಡಿ. ಆ ದಿನ ಮನುಷ್ಯ ಕಾಲಿಟ್ಟರೆ ಹಿಮ ಜರಿಯುವ ಸಾಧ್ಯತೆಯೇ ಹೆಚ್ಚು ಎಂದು ಅದರ ಅರ್ಥ. ತರಬೇತಿ ಮತ್ತು ಸಲಕರಣೆ ಇಲ್ಲದವರು ಆಗ ಕಾಡಿನೊಳಗಿನ ಸಮತಟ್ಟು ದಾರಿ ಬಿಟ್ಟು ಕದಲಬಾರದು. ಇನ್ನೊಂದು ಅಪಾಯ ಮರದ ಬುಡದ್ದು. ದೊಡ್ಡ ಮರದ ರೆಂಬೆಗಳು ಹಿಮವನ್ನು ತಡೆದು, ಬುಡದ ಸುತ್ತ ಪೊಳ್ಳಾದ ಗುಂಡಿ ಉಳಿದಿರುತ್ತದೆ. ಮೇಲಿನಿಂದ ಕಾಣುವುದಿಲ್ಲ. ತಲೆಕೆಳಗಾಗಿ ಬಿದ್ದರೆ ಸಡಿಲ ಹಿಮ ಮುಖದ ಮೇಲೆ ಸುರಿದು ಉಸಿರುಕಟ್ಟುತ್ತದೆ, ಒಬ್ಬರೇ ಎದ್ದು ಬರುವುದು ಬಹಳ ಕಷ್ಟ. ಆಳ ಹಿಮದ ದಿನ ಮರಗಳಿಂದ ದೂರ ನಡೆಯಿರಿ, ಜೊತೆಗಾರರನ್ನು ಕಣ್ಣಳತೆಯಲ್ಲಿಟ್ಟುಕೊಳ್ಳಿ.

ಕತ್ತಲೆಯನ್ನು ಮರೆಯುವವರು ಇನ್ನೂ ಹೆಚ್ಚು. ಡಿಸೆಂಬರ್ ಕೊನೆಯಲ್ಲಿ ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗುತ್ತಾನೆ, ಮರಗಳ ನಡುವೆ ಅದಕ್ಕೂ ಮೊದಲೇ ಮಬ್ಬು. ಎಲ್ಲೇ ಇರಿ, ಎರಡು ಗಂಟೆಗೆ ಹಿಂತಿರುಗಿ. ಹೆಡ್‌ಲ್ಯಾಂಪ್ ತಲೆಗೊಂದರಂತೆ ಇರಲಿ. ಫೋನನ್ನು ಹೊರಜೇಬಿನಲ್ಲಿಟ್ಟರೆ ಚಳಿಗೆ ಬ್ಯಾಟರಿ ಕುಸಿಯುತ್ತದೆ, ಮೈಗೆ ತಾಗುವ ಒಳಜೇಬಿನಲ್ಲಿಡಿ. ದಾರಿ ತಪ್ಪಿದರೆ ಇಳಿಜಾರು ಹಿಡಿದು ದೀಪಗಳ ಕಡೆ ಇಳಿಯುವ ಆಸೆ ಬರುತ್ತದೆ. ಅದೇ ಪ್ರಾಣಾಂತಿಕ, ಈ ಬೆಟ್ಟಗಳ ಹಳ್ಳಗಳೆಲ್ಲ ಜಲಪಾತ ಮತ್ತು ಕಡಿದಾದ ಬಂಡೆಗಳಲ್ಲಿ ಕೊನೆಯಾಗುತ್ತವೆ. ನಿಂತಲ್ಲೇ ನಿಂತು 911ಕ್ಕೆ ಕರೆ ಮಾಡಿ. 1965ರಿಂದ ಇರುವ ನಾರ್ತ್ ಶೋರ್ ರೆಸ್ಕ್ಯೂ ಸ್ವಯಂಸೇವಕರು ಹುಡುಕಿ ಬರುತ್ತಾರೆ, ಹಣ ಕೇಳುವುದಿಲ್ಲ. ಖರ್ಚಿಗೆ ಹೆದರಿ ಕರೆ ತಡಮಾಡಬೇಡಿ.

ಬಟ್ಟೆಯ ವಿಷಯಕ್ಕೆ ಬರೋಣ. ಒಣಹವೆಯ ಮೈನಸ್ ಹತ್ತು ಡಿಗ್ರಿಗಿಂತ ಇಲ್ಲಿನ ಮೂರು ಡಿಗ್ರಿಯ ಒದ್ದೆ ಚಳಿಯೇ ಹೆಚ್ಚು ಕೊರೆಯುತ್ತದೆ ಎನಿಸುತ್ತದೆ. ಜೀನ್ಸ್, ಹತ್ತಿಯ ಬನಿಯನ್, ಹತ್ತಿಯ ಕಾಲುಚೀಲ ಮನೆಯಲ್ಲೇ ಇರಲಿ. ಹತ್ತಿ ನೀರು ಹೀರಿದರೆ ಬಿಡುವುದೇ ಇಲ್ಲ, ಮೈಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೈಗೆ ತಾಗಿ ತೆಳು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್, ಹೊರಗೆ ಕಂಕುಳಲ್ಲಿ ಜಿಪ್ ಇರುವ ಮಳೆ ಜಾಕೆಟ್. ಹೊರಟಾಗ ಸ್ವಲ್ಪ ಚಳಿ ಎನಿಸಬೇಕು. ಬೆಚ್ಚಗಿದ್ದರೆ ಹದಿನೈದು ನಿಮಿಷದಲ್ಲಿ ಬೆವರಿನಿಂದಲೇ ಒದ್ದೆಯಾಗುತ್ತೀರಿ. ಕೈಗವಸು ಎರಡು ಜೊತೆ ಬೇಕು, ಒಂದು ಖಂಡಿತ ನೆನೆಯುತ್ತದೆ.

‘ಎರಡೇ ವರ್ಷಕ್ಕೆ ಜಾಕೆಟ್ ಸೋರುತ್ತಿದೆ’ ಎಂಬ ದೂರು ತುಂಬ ಕೇಳಿಬರುತ್ತದೆ. ಎಷ್ಟೋ ಸಲ ಅದು ಸೋರುತ್ತಿರುವುದಿಲ್ಲ. ಹೊರಮೈಯ ನೀರು ಜಾರಿಸುವ ಲೇಪ ಕೊಳೆ ಮತ್ತು ಮೈಜಿಡ್ಡಿನಿಂದ ಮಂಕಾಗಿ, ಬಟ್ಟೆ ನೀರು ಹೀರಿ ಭಾರವಾಗಿರುತ್ತದೆ. ಒಳಗಿನ ಪೊರೆ ಸರಿಯಾಗಿಯೇ ಇದ್ದರೂ ಬೆವರಿನ ಆವಿ ಹೊರಗೆ ಹೋಗಲಾಗದೆ ಒಳಗೇ ಹನಿಗಟ್ಟುತ್ತದೆ. ಮಳೆಬಟ್ಟೆಗೆಂದೇ ಸಿಗುವ ದ್ರವ ಸೋಪಿನಲ್ಲಿ ತೊಳೆದು ಚೆನ್ನಾಗಿ ಜಾಲಿಸಿ. ಲೇಬಲ್ ಒಪ್ಪಿದರೆ ಡ್ರೈಯರ್‌ನಲ್ಲಿ ಕಡಿಮೆ ಶಾಖಕ್ಕೆ ಇಪ್ಪತ್ತು ನಿಮಿಷ ಹಾಕಿ, ಶಾಖಕ್ಕೆ ಲೇಪ ಮತ್ತೆ ಚುರುಕಾಗುತ್ತದೆ. ಆಮೇಲೂ ನೀರು ಮುತ್ತಿನಂತೆ ಉರುಳದಿದ್ದರೆ ಲೇಪದ ಸ್ಪ್ರೇ ಹೊಡೆಯಬೇಕು. ಫ್ಯಾಬ್ರಿಕ್ ಸಾಫ್ಟನರ್ ಮುಟ್ಟಿಸಲೇಬೇಡಿ. ನೆನೆದ ಬೂಟಿನ ಒಳಹಾಸು ತೆಗೆದು, ನ್ಯೂಸ್‌ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಹೀಟರ್ ಮುಂದಿಟ್ಟರೆ ಅಂಟು ಬಿಡುತ್ತದೆ.

ಫ್ರೀಜಿಂಗ್ ಲೆವೆಲ್ ಮೇಲೇರಿದ ದಿನಗಳಿಗೆ ಸ್ಕ್ವಾಮಿಶ್ ಪಕ್ಕದ ಬ್ರ್ಯಾಕೆಂಡೇಲ್ ಇದೆ. ಚಮ್ ಸಾಲ್ಮನ್ ಮೀನುಗಳು ನದಿಯೇರಿ ಬಂದು ಮೊಟ್ಟೆಯಿಟ್ಟು ಸಾಯುತ್ತವೆ, ಅವನ್ನು ತಿನ್ನಲು ನವೆಂಬರ್ ಮಧ್ಯದಿಂದ ಬೋಳುತಲೆ ಹದ್ದುಗಳು ಸೇರುತ್ತವೆ. 1994ರ ಎಣಿಕೆಯಲ್ಲಿ 3,769 ಹದ್ದುಗಳು ಸಿಕ್ಕಿದ್ದವು. ಈಗ ಅಷ್ಟಿಲ್ಲದಿದ್ದರೂ ಡಿಸೆಂಬರ್, ಜನವರಿಯಲ್ಲಿ ನೋಡಲೇಬೇಕಾದ ದೃಶ್ಯ. ಹದ್ದುಗಳು ತಿನ್ನುವುದು ಬೆಳಬೆಳಗ್ಗೆ, ಹತ್ತರ ಮೇಲೆ ಮರದ ಮೇಲೆ ಸುಮ್ಮನೆ ಕೂತಿರುತ್ತವೆ. ಈಗಲ್ ರನ್ ಏರಿಯ ಮೇಲೇ ನಿಂತು ದುರ್ಬೀನಿನಲ್ಲಿ ನೋಡಿ. ನದಿಯ ಜಲ್ಲಿಹಾಸಿಗೆ ಇಳಿದರೆ ಅವು ಊಟ ಬಿಟ್ಟು ಹಾರುತ್ತವೆ, ಚಳಿಗಾಲದಲ್ಲಿ ಆ ಶಕ್ತಿ ನಷ್ಟ ಅವಕ್ಕೆ ದೊಡ್ಡದು. ಸ್ಕ್ವಾಮಿಶ್‌ಗೆ ಹೋಗುವ ಹೆದ್ದಾರಿಯಲ್ಲಿ ಅಕ್ಟೋಬರ್ 1ರಿಂದ ಕನಿಷ್ಠ ಮಾರ್ಚ್ 31ರವರೆಗೆ ಚಳಿಗಾಲದ ಟೈರ್ ಕಡ್ಡಾಯ: ಎಂ ಪ್ಲಸ್ ಎಸ್ (ಕೆಸರು-ಹಿಮ) ಅಥವಾ ಪರ್ವತ-ಹಿಮಹರಳಿನ ಗುರುತು, ಕನಿಷ್ಠ 3.5 ಮಿಲಿಮೀಟರ್ ಆಳದ ಗೀರು. ಕಾನೂನಿಗೆ ಎಂ ಪ್ಲಸ್ ಎಸ್ ಸಾಕು, ಆದರೆ ಬೆಟ್ಟದ ರಸ್ತೆಗೆ ಹರಳಿನ ಗುರುತಿನದೇ ಹಾಕಿಸಿ.

ಹಿಮಹೆಬ್ಬಾತುಗಳಿಗೆ ಲ್ಯಾಡ್ನರ್ ಪಕ್ಕದ ರೈಫೆಲ್ ಪಕ್ಷಿಧಾಮ. ರಷ್ಯಾದ ರ‍್ಯಾಂಗಲ್ ದ್ವೀಪದಿಂದ ಸಾವಿರಗಟ್ಟಲೆ ಬರುತ್ತವೆ, ಅಕ್ಟೋಬರ್ ಕೊನೆ ಮತ್ತು ನವೆಂಬರ್ ಒಳ್ಳೆಯ ಕಾಲ. ಹೋಗುವ ಮುನ್ನ ಸಮಯ ಬುಕ್ ಮಾಡಿಕೊಳ್ಳಿ.

ಕಡಲಿಗೂ ಇಲ್ಲಿ ಚಳಿಗಾಲದ ಲೆಕ್ಕ ಬೇರೆ. ಬೇಸಿಗೆಯಲ್ಲಿ ದೊಡ್ಡ ಇಳಿತ ಹಗಲಲ್ಲಿ ಬರುತ್ತದೆ, ಚಳಿಗಾಲದಲ್ಲಿ ರಾತ್ರಿ. ದೊಡ್ಡ ಭರತ ಬೆಳಗ್ಗೆ. ಡಿಸೆಂಬರ್ ಜನವರಿಯ ಕಿಂಗ್ ಟೈಡ್, ಅಂದರೆ ವರ್ಷದ ಅತಿದೊಡ್ಡ ಭರತದ ಜೊತೆ ಬಿರುಗಾಳಿ ಸೇರಿದರೆ ಸೀವಾಲ್ ಎಂಬ ಕಡಲಗೋಡೆಯ ದಾರಿಯ ಮೇಲೆ ಮರದ ದಿಮ್ಮಿಗಳೇ ಬಂದು ಬೀಳುತ್ತವೆ. 2022ರ ಜನವರಿ 7ರಂದು ಕಡಲಿಗೆ ಚಾಚಿದ ಜೆರಿಕೋ ಪಿಯರ್ ಮುರಿದದ್ದು, ಸ್ಟ್ಯಾನ್ಲಿ ಪಾರ್ಕಿನ ಗೋಡೆ ಕಿತ್ತದ್ದು ಹಾಗೆಯೇ. ಅಂಥ ಬೆಳಗ್ಗೆ ಮೇಲಿನ ರಸ್ತೆಯಿಂದ ನೋಡಿ, ಸೀವಾಲ್‌ಗೆ ಇಳಿಯಬೇಡಿ. ಅದೇ ವಾರದ ರಾತ್ರಿ, ಗಾಳಿ ಇಲ್ಲದಿದ್ದರೆ, ಪಾಯಿಂಟ್ ಅಟ್ಕಿನ್ಸನ್ ಹೆಸರಿನ ಉಬ್ಬರವಿಳಿತದ ಪಟ್ಟಿ ತೆಗೆದು ಇಳಿತ ಒಂದು ಮೀಟರಿಗಿಂತ ಕೆಳಗಿರುವ ಹೊತ್ತು ಹುಡುಕಿ. ಅದಕ್ಕೆ ಒಂದು ಗಂಟೆ ಮೊದಲು ರಬ್ಬರ್ ಬೂಟು, ಹೆಡ್‌ಲ್ಯಾಂಪ್ ಹಾಕಿಕೊಂಡು ರಾತ್ರಿಯಲ್ಲೂ ತೆರೆದಿರುವ ಕಲ್ಲಿನ ದಂಡೆಗೆ ಹೋಗಿ. ಹಗಲಲ್ಲಿ ಕಲ್ಲಡಿ ಅಡಗುವ ಏಡಿಗಳು ಆಗ ಹೊರಗೆ ಓಡಾಡುತ್ತಿರುತ್ತವೆ, ಕೆನ್ನೀಲಿ ನಕ್ಷತ್ರಮೀನುಗಳು ಬಂಡೆಗೆ ಕಚ್ಚಿಕೊಂಡಿರುತ್ತವೆ. ಎತ್ತಿದ ಕಲ್ಲನ್ನು ಅದೇ ಮಗ್ಗುಲಲ್ಲಿ ಮೆಲ್ಲಗೆ ಇಡಿ. ಹಸಿರು ಪಾಚಿಯ ಮೇಲೆ ಕಾಲಿಡಬೇಡಿ, ಬಾರ್ನಕಲ್ ಎಂಬ ಪುಟ್ಟ ಚಿಪ್ಪುಜೀವಿಗಳು ಕಚ್ಚಿದ ಒರಟು ಬಂಡೆ ಜಾರುವುದಿಲ್ಲ, ಆದರೆ ತುಳಿದರೆ ಅವು ಸಾಯುತ್ತವೆ. ಅದಕ್ಕೇ ಮರಳು, ಬರಿಗಲ್ಲು ಆರಿಸಿ ನಡೆಯಿರಿ. ನೀರು ತಿರುಗುವ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಟ್ಟಿರಿ, ಕತ್ತಲಲ್ಲಿ ಹಿಂದಿನಿಂದ ಏರಿ ಬರುವ ನೀರು ಕಾಣುವುದಿಲ್ಲ.