ಡೊಂಬಿವಲಿ ಲೋಕಲ್‌ನಲ್ಲಿ ತಿದ್ದುವ ಕೆಲಸ

ನಮ್ಮ ಮುಂಬೈ ಆಫೀಸಿನಿಂದ ಹುಬ್ಬಳ್ಳಿ, ಬೆಳಗಾವಿ ಶಾಖೆಗಳಿಗೆ ಹೋಗುವ ಕನ್ನಡ ಸುತ್ತೋಲೆಗಳನ್ನು ಸಿದ್ಧ ಮಾಡುವವಳು ನಾನು. ಬರೆದ ತಕ್ಷಣ ತಿದ್ದಲು ಕೂರುವುದಿಲ್ಲ. ಆಗ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಸಂಜೆ ಸಿಎಸ್‌ಎಂಟಿ ನಿಲ್ದಾಣದಲ್ಲಿ ಡೊಂಬಿವಲಿ ಲೋಕಲ್ ರೈಲು ಹತ್ತಿ, ಸೀಟು ಸಿಕ್ಕರೆ ಪ್ರಿಂಟ್ ತೆಗೆದು ತುಟಿ ಅಲ್ಲಾಡಿಸುತ್ತಾ ಓದುತ್ತೇನೆ. ದಾದರ್‌ನಲ್ಲಿ ಜನ ನುಗ್ಗುವ ಮೊದಲೇ ಒಂದು ಸುತ್ತು ಮುಗಿಯಬೇಕು! ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯುತ್ತೇನೆ.

ಮೊನ್ನೆ ಒಂದು ಕರಡು ಬಂತು: 'ಬಾಕಿ ಬಿಲ್‌ಗಳ ಪರಿಶೀಲನಾ ಕಾರ್ಯವನ್ನು ಶೀಘ್ರದಲ್ಲೇ ಕೈಗೊಳ್ಳಲಾಗುವುದು.' ಯಾರು ನೋಡುತ್ತಾರೆ? ಯಾವಾಗ? ವಿಚಾರಿಸಿಕೊಂಡು ತಿದ್ದಿದೆ: 'ಬಾಕಿ ಬಿಲ್‌ಗಳನ್ನು ಅಕೌಂಟ್ಸ್ ವಿಭಾಗ ಶುಕ್ರವಾರದೊಳಗೆ ನೋಡುತ್ತದೆ.' ಈಗ ಹುಬ್ಬಳ್ಳಿಯವರು ಸುಮ್ನೆ ಫೋನ್ ಮಾಡಿ ಕೇಳಬೇಕಾಗಿಲ್ಲ, ಅಲ್ವಾ? ಅಂಕಿ, ತಾರೀಕು, ಹೆಸರುಗಳಿಗೆ ಅಂತಲೇ ಕೊನೆಗೆ ಇನ್ನೊಂದು ಸಲ ಓದುತ್ತೇನೆ.